ತನುಕಿಗೆ ಕನ್ನಡದಲ್ಲಿ ಏನನ್ನಬೇಕು? ಜಪಾನಿ ಪ್ರಾಣಿಗಳ ಹೆಸರು ಮತ್ತು ಅನುವಾದಕರ ಕಷ್ಟ

ಪ್ರಶ್ನೆ: ನಾನು ಬೆಂಗಳೂರಿನವಳು. ಜಪಾನಿ ಭಾಷೆಯ ಎನ್2 ಪರೀಕ್ಷೆ ಮುಗಿಸಿ ನಾಲ್ಕು ವರ್ಷದಿಂದ ಅನುವಾದ ಮಾಡುತ್ತಿದ್ದೇನೆ. ಇಷ್ಟು ದಿನ ಬರೀ ಯಂತ್ರಗಳ ಮ್ಯಾನ್ಯುಯಲ್, ಕಂಪನಿ ಪತ್ರಗಳು. ಈ ಸಲ ಮೊದಲ ಬಾರಿಗೆ ಜಪಾನಿನ ಒಂದು ಕರಾವಳಿ ಪ್ರಾಂತದ ವನ್ಯಜೀವಿ ಸಮೀಕ್ಷೆಯ ವರದಿ ಬಂತು. ಇಂಗ್ಲಿಷ್‌ಗೆ ಪೂರ್ತಿ, ಕನ್ನಡಕ್ಕೆ ಹತ್ತು ಪುಟದ ಸಾರಾಂಶ. ಡಿಕ್ಷನರಿ ನೋಡಿಕೊಂಡೇ ಮಾಡಿದೆ. ತನುಕಿಗೆ ಬ್ಯಾಡ್ಜರ್, ಕಾಮೋಶಿಕಾಗೆ ಆಂಟೆಲೋಪ್, ನೆಝುಮಿಗೆ ಮೌಸ್, ಉಗುಯಿಸುಗೆ ನೈಟಿಂಗೇಲ್, ಉಮಿಉಶಿಗೆ ಸೀ ಕೌ. ಕನ್ನಡದಲ್ಲಿ ಸುಝುಮೆಯನ್ನು ಗುಬ್ಬಚ್ಚಿ ಎಂದೆ, ಉಮಿಉಶಿಯನ್ನು ಕಡಲ ಹಸು ಎಂದೆ. ಪರಿಶೀಲಕರು 14 ಹೆಸರಿಗೆ ಕೆಂಪು ಗುರುತು ಹಾಕಿ ವಾಪಸ್ ಕಳಿಸಿದ್ದಾರೆ. ಡಿಕ್ಷನರಿಯಲ್ಲಿ ಇದ್ದದ್ದನ್ನೇ ಹಾಕಿದರೂ ತಪ್ಪು ಹೇಗೆ? ಒಂದು ಜಪಾನಿ ಹೆಸರಿಗೆ ಒಂದೇ ಸರಿಯಾದ ಹೆಸರು ಅಂತ ಇರುತ್ತದೆಯೇ? ಕನ್ನಡದಲ್ಲಿ ಹೆಸರೇ ಇಲ್ಲದ ಪ್ರಾಣಿಗೆ ಏನು ಮಾಡಬೇಕು?

ಉತ್ತರ: ನಿಮ್ಮ ಜಪಾನಿ ಭಾಷೆಯಲ್ಲಿ ಕೊರತೆ ಇಲ್ಲ. ಡಿಕ್ಷನರಿಯೂ ನಿಮಗೆ ಮೋಸ ಮಾಡಿಲ್ಲ. ಸಾಮಾನ್ಯ ಡಿಕ್ಷನರಿ ಬರೆಯುವವರು ಕಥೆ, ಪತ್ರಿಕೆ, ಮಾತುಕತೆ ಓದುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಅಜ್ಜಿ ಕಥೆಯಲ್ಲಿ ತನುಕಿ ಬಂದರೆ ಓದುವವರ ಕಣ್ಣ ಮುಂದೆ ಏನೋ ಒಂದು ಪ್ರಾಣಿ ಬರಬೇಕು, ಅಷ್ಟೇ. ಹಳೆಯ ಇಂಗ್ಲಿಷ್ ಅನುವಾದಕರು ಅದಕ್ಕೇ ಬ್ಯಾಡ್ಜರ್ ಅಂದರು. ಸಮೀಕ್ಷೆಯ ವರದಿಯಲ್ಲಿ ಹಾಗೆ ಮಾಡುವ ಹಾಗಿಲ್ಲ. ಅಲ್ಲಿ ತಪ್ಪು ಹೆಸರು ಹಾಕಿದರೆ ಇಲ್ಲದ ಪ್ರಾಣಿಯೊಂದು ಆ ಕಾಡಿನ ಲೆಕ್ಕಕ್ಕೆ ಸೇರುತ್ತದೆ. ಇರುವ ಪ್ರಾಣಿ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ತನುಕಿ ನಾಯಿಯ ಕುಟುಂಬದ್ದು. ಇಂಗ್ಲಿಷ್‌ನಲ್ಲಿ ರಕೂನ್ ಡಾಗ್. ಮುಖದ ಮೇಲೆ ಕಪ್ಪು ಪಟ್ಟೆ ಇದೆ ಅಂತ ಆ ಹೆಸರು, ರಕೂನ್‌ಗೂ ಅದಕ್ಕೂ ಹತ್ತಿರದ ಸಂಬಂಧ ಇಲ್ಲ. ನಿಜವಾದ ರಕೂನ್‌ಗೆ ಜಪಾನಿಯಲ್ಲಿ ಅರಾಯಿಗುಮಾ ಅನ್ನುತ್ತಾರೆ, ಪದ ಬಿಡಿಸಿದರೆ ತೊಳೆಯುವ ಕರಡಿ. ಅದು ಉತ್ತರ ಅಮೆರಿಕದಿಂದ ಬಂದು, ಸಾಕಿದವರ ಕೈ ತಪ್ಪಿ ಕಾಡು ಸೇರಿ, ಈಗ ಹೊಲ ಹಾಳು ಮಾಡುವ ಹೊರಗಿನ ಪ್ರಾಣಿ. ಬ್ಯಾಡ್ಜರ್‌ಗೆ ಇರುವ ಹೆಸರು ಅನಾಗುಮಾ, ಅಂದರೆ ಬಿಲದ ಕರಡಿ. ಈ ಮೂರರ ಜೊತೆಗೆ ಹಕುಬಿಶಿನ್ ಅಂತ ಪುನುಗು ಬೆಕ್ಕಿನ ಕುಟುಂಬದ ಒಂದು ಪ್ರಾಣಿಯೂ ಇದೆ. ರಾತ್ರಿ ಕ್ಯಾಮೆರಾ ಫೋಟೋದಲ್ಲಿ ನಾಲ್ಕೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ನಿಮ್ಮ ವರದಿಯಲ್ಲಿ ನಾಲ್ಕೂ ಬಂದಿರುವ ಸಾಧ್ಯತೆ ಜಾಸ್ತಿ. ತನುಕಿಯನ್ನು ಬ್ಯಾಡ್ಜರ್ ಅಂದಿದ್ದೀರಿ, ಹಾಗಾದರೆ ಅನಾಗುಮಾ ಬಂದಾಗ ಏನಂದಿರಿ? ಎರಡಕ್ಕೂ ಅದೇ ಹೆಸರು ಬಿದ್ದಿದ್ದರೆ ಕೋಷ್ಟಕದ ಎರಡು ಸಾಲು ಒಂದಾಗಿಹೋಗಿರುತ್ತದೆ. ಅದನ್ನು ಇವತ್ತೇ ನೋಡಿ.

ಈ ಗೊಂದಲದಲ್ಲಿ ಜಪಾನಿನವರೇ ಕೋರ್ಟು ಹತ್ತಿದ್ದಾರೆ. 1924ರಲ್ಲಿ ತೊಚಿಗಿ ಪ್ರಾಂತದ ಒಬ್ಬ ಬೇಟೆಗಾರ ಎರಡು ತನುಕಿಗಳನ್ನು ಹಿಡಿದ. ಫೆಬ್ರವರಿ 29ಕ್ಕೆ ಗುಹೆಯೊಳಗೆ ಕೂಡಿಹಾಕಿದ್ದ, ಕೊಂದದ್ದು ಮಾರ್ಚ್ 3ಕ್ಕೆ. ತನುಕಿ ಬೇಟೆಗೆ ನಿಷೇಧ ಶುರುವಾಗಿದ್ದು ಮಾರ್ಚ್ 1ಕ್ಕೆ. ಕೇಸು ಹಾಕಿದರು. ನಾನು ಹಿಡಿದದ್ದು ಮುಜಿನಾ, ತನುಕಿ ಅಲ್ಲ ಅಂದ ಅವನು. ಮುಜಿನಾ ಅನ್ನುವ ಪದ ಕೆಲವು ಊರಲ್ಲಿ ಬ್ಯಾಡ್ಜರ್‌ಗೆ, ಕೆಲವು ಊರಲ್ಲಿ ತನುಕಿಗೆ, ಇನ್ನು ಕೆಲವು ಕಡೆ ಎರಡಕ್ಕೂ ಬಳಕೆಯಲ್ಲಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನ ಊರಿನಲ್ಲಿ ಅವು ಬೇರೆ ಬೇರೆ ಪ್ರಾಣಿಗಳೇ. 1925ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅವನನ್ನು ಬಿಟ್ಟಿತು. ಹಿಡಿದದ್ದು ನಿಷೇಧಕ್ಕೆ ಮುಂಚೆಯೇ ಅನ್ನುವುದು ಒಂದು ಕಾರಣ, ತಾನು ಹಿಡಿದದ್ದು ತನುಕಿ ಅಂತ ಅವನಿಗೆ ತಿಳಿದಿರಲಿಲ್ಲ ಅನ್ನುವುದು ಇನ್ನೊಂದು. ಜಪಾನಿನ ಕಾನೂನು ವಿದ್ಯಾರ್ಥಿಗಳು ಈ ಕೇಸನ್ನು ಇವತ್ತಿಗೂ ಓದುತ್ತಾರೆ. ಅನುವಾದಕರೂ ಓದಬೇಕು ಅಂತ ನನಗೆ ಅನಿಸುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಒಂದು ಜಪಾನಿ ಹೆಸರಿಗೆ ಒಂದೇ ಸರಿಯಾದ ಹೆಸರು ಇರುತ್ತದೆ ಅನ್ನುವುದು ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಜಪಾನಿನ ವಿಜ್ಞಾನಿಗಳ ಹತ್ತಿರ ವಾಮೆಯಿ ಅಂತ ಒಂದು ಪದ್ಧತಿ ಇದೆ. ಪ್ರತಿ ಪ್ರಭೇದಕ್ಕೂ ಒಂದು ಒಪ್ಪಿತ ಜಪಾನಿ ಹೆಸರು, ಅದನ್ನು ಕತಕಾನ ಲಿಪಿಯಲ್ಲಿ ಬರೆಯುತ್ತಾರೆ. ಸಂಶೋಧನಾ ಲೇಖನದಲ್ಲಿ ಕತಕಾನದಲ್ಲಿ ಹೆಸರು ಕಂಡರೆ ಅದು ಊರ ಮಾತಲ್ಲ, ಪ್ರಭೇದದ ಹೆಸರು ಅಂತ ಹಿಡಿದುಕೊಂಡು ಹುಡುಕಲು ಶುರು ಮಾಡಬಹುದು. ಆದರೆ ವಾಮೆಯಿಗೆ ಲ್ಯಾಟಿನ್ ಹೆಸರಿಗೆ ಇರುವ ಹಾಗೆ ಅಂತರರಾಷ್ಟ್ರೀಯ ನಿಯಮಾವಳಿ ಇಲ್ಲ. ಪಕ್ಷಿಗಳಿಗೆ, ಮೀನುಗಳಿಗೆ, ಸಸ್ತನಿಗಳಿಗೆ ಆಯಾ ಸಂಘಗಳು ಪಟ್ಟಿ ಮಾಡುತ್ತವೆ, ಬದಲಾಯಿಸುತ್ತವೆ. 2007ರಲ್ಲಿ ಜಪಾನಿನ ಮೀನುಶಾಸ್ತ್ರ ಸಂಘ ಅಂಗವಿಕಲರನ್ನು ಹೀಯಾಳಿಸುವ ಪದಗಳಿದ್ದ ಎಷ್ಟೋ ಹೆಸರುಗಳನ್ನು ಒಟ್ಟಿಗೆ ಬದಲಾಯಿಸಿತು. ಹ್ಯಾಗ್‌ಫಿಶ್ ಅನ್ನುವ ಲೋಳೆ ಮೀನುಗಳ ಗುಂಪಿಗೆ ಮೊದಲು ಮೆಕುರಾ ಉನಾಗಿ, ಅಂದರೆ ಕುರುಡು ಹಾವುಮೀನು ಅನ್ನುತ್ತಿದ್ದರು. ಈಗ ಅದು ನುತಾ ಉನಾಗಿ. 1990ರ ವರದಿಯನ್ನೂ 2015ರ ವರದಿಯನ್ನೂ ಒಟ್ಟಿಗೆ ಅನುವಾದ ಮಾಡುವವರು ಇದನ್ನು ಎರಡು ಬೇರೆ ಮೀನು ಅಂದುಕೊಳ್ಳುವುದು ತೀರಾ ಸುಲಭ.

ಇನ್ನು ಕೆಲವು ಜಪಾನಿ ಪದಗಳು ಪ್ರಭೇದದ ಹೆಸರೇ ಅಲ್ಲ, ಗುಂಪಿನ ಹೆಸರು. ನೆಝುಮಿ ಅಂಥದ್ದು. ನಮ್ಮ ಇಲಿ ಇದ್ದ ಹಾಗೆ, ರ‍್ಯಾಟ್ ಕೂಡ ಅದೇ ಮೌಸ್ ಕೂಡ ಅದೇ. ಹತ್ಸುಕಾನೆಝುಮಿ ಮನೆಯ ಚಿಕ್ಕ ಇಲಿ, ದೊಬುನೆಝುಮಿ ಚರಂಡಿಯ ದೊಡ್ಡ ಇಲಿ, ಅಕಾನೆಝುಮಿ ಜಪಾನಿನಲ್ಲಿ ಮಾತ್ರ ಇರುವ ಕಾಡಿಲಿ. ಜಪಾನಿನ ಲ್ಯಾಬಿನವರು ಈ ಕಷ್ಟ ಬೇಡ ಅಂತಲೇ ಇಂಗ್ಲಿಷಿನಿಂದ ಮೌಸು, ರಾತ್ತೊ ಅಂತ ಎರಡು ಪದ ತಂದುಕೊಂಡಿದ್ದಾರೆ. ಹಾಗಾಗಿ ಔಷಧ ಪರೀಕ್ಷೆಯ ವರದಿಯಲ್ಲಿ ಅಷ್ಟು ಅಪಾಯ ಇಲ್ಲ. ಕಾಡಿನ ಸಮೀಕ್ಷೆಯಲ್ಲಿ ಸುಮ್ನೆ ನೆಝುಮಿ ಅಂತ ಇದ್ದರೆ ಅದನ್ನು ಮೌಸ್ ಅನ್ನಬೇಡಿ. ಸಮೀಕ್ಷೆ ಮಾಡಿದವರಿಗೇ ಯಾವ ಇಲಿ ಅಂತ ಗೊತ್ತಾಗಿರಲಿಕ್ಕಿಲ್ಲ, ಬರೀ ಹಿಕ್ಕೆ ಸಿಕ್ಕಿರಬಹುದು. ಅವರಿಗೆ ತಿಳಿಯದ್ದನ್ನು ನೀವು ತಿಳಿದ ಹಾಗೆ ಬರೆಯಬಾರದು. ಕನ್ನಡದಲ್ಲಿ ಇದು ಸುಲಭ, ಇಲಿ ಅಂದರೆ ಮುಗಿಯಿತು. ಇಂಗ್ಲಿಷ್‌ನಲ್ಲಿ ಇಲಿ ಕುಟುಂಬದ ದಂಶಕ ಅನ್ನುವ ಅರ್ಥ ಬರುವಂತೆ ಒಂದು ಮೆಟ್ಟಿಲು ಮೇಲಿನ ಪದ ಹಾಕಿ. ಆಮೆಗೂ ಇದೇ ಕಥೆ. ಜಪಾನಿ ಕಾಮೆ, ಕನ್ನಡದ ಆಮೆ, ಎರಡೂ ನೆಲದ್ದಕ್ಕೂ ಹೊಳೆಯದ್ದಕ್ಕೂ ಕಡಲಿನದ್ದಕ್ಕೂ ಸಲ್ಲುತ್ತವೆ. ಇಂಗ್ಲಿಷ್‌ಗೆ ಹೋದಾಗ ಮಾತ್ರ ಪೇಚು.

ಹೆಸರಿನ ಕೊನೆಯ ಪದ ನೋಡಿ ಪ್ರಾಣಿಯ ಗುಂಪು ಹೇಳಬಹುದು ಅನ್ನುವ ನಂಬಿಕೆ ಹೊಸ ಅನುವಾದಕರಲ್ಲಿ ನಾನು ತುಂಬಾ ನೋಡಿದ್ದೇನೆ. ಅದನ್ನು ಬಿಟ್ಟುಬಿಡಿ. ನಮ್ಮ ನೀರುನಾಯಿ ನಾಯಿಯಲ್ಲ, ಮುಳ್ಳುಹಂದಿ ಹಂದಿಯಲ್ಲ, ಅಲ್ವಾ? ಜಪಾನಿಯಲ್ಲೂ ಹಾಗೇ. ಚೋಝಾಮೆ ಅಂದರೆ ಚಿಟ್ಟೆ ಶಾರ್ಕ್, ಆದರೆ ಅದು ಶಾರ್ಕ್ ಅಲ್ಲ, ಸ್ಟರ್ಜನ್ ಮೀನು. ತರಾಬಗಾನಿಯಲ್ಲಿ ಏಡಿ ಅನ್ನುವ ಪದ ಇದೆ, ಶಾಸ್ತ್ರದ ಪ್ರಕಾರ ಅದು ನಿಜವಾದ ಏಡಿಗಳ ಗುಂಪಿಗೆ ಸೇರುವುದಿಲ್ಲ, ಶಂಖದೇಡಿಗಳ ಕಡೆಯದು. ಹಾರಿನೆಝುಮಿ ಸೂಜಿ ಇಲಿ, ಅಂದರೆ ಹೆಜ್‌ಹಾಗ್, ಇಲಿ ಅಲ್ಲವೇ ಅಲ್ಲ. ತೊಗೆನೆಝುಮಿ ಮುಳ್ಳಿಲಿ, ಇದು ಮಾತ್ರ ನಿಜವಾಗಿ ಇಲಿಯೇ. ಅಮಾಮಿ, ತೊಕುನೊಶಿಮಾ, ಒಕಿನಾವಾ ದ್ವೀಪಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಅಮಾಮಿ ಮತ್ತು ತೊಕುನೊಶಿಮಾದ ಮುಳ್ಳಿಲಿಗಳಲ್ಲಿ ಗಂಡಿಗೂ ವೈ ಕ್ರೋಮೋಸೋಮ್ ಇಲ್ಲ, ಅದಕ್ಕೇ ವಿಜ್ಞಾನಿಗಳಿಗೆ ಅದರ ಮೇಲೆ ಅಷ್ಟು ಆಸೆ. ಸೂಜಿ, ಮುಳ್ಳು ಅಂತ ಹೆಸರಿನಲ್ಲಿ ಇಷ್ಟೇ ವ್ಯತ್ಯಾಸ. ಅನುವಾದದಲ್ಲಿ ಇವು ಅದಲುಬದಲಾದರೆ ಪೂರ್ತಿ ಲೇಖನವೇ ಹಾಳು.

ಉಮಿಉಶಿಯಲ್ಲಿ ಬಲೆ ಇನ್ನೂ ಬಿಗಿ. ಉಮಿ ಅಂದರೆ ಕಡಲು, ಉಶಿ ಅಂದರೆ ದನ. ಅದೇ ಎರಡು ಚೀನೀ ಅಕ್ಷರಗಳನ್ನು ಉಮಿಉಶಿ ಅಂತ ಓದಿದರೆ ಚಿಪ್ಪಿಲ್ಲದ, ಬಣ್ಣಬಣ್ಣದ ಕಡಲ ಗೊಂಡೆಹುಳು. ಹೆಚ್ಚಿನವು ಬೆರಳಿನಷ್ಟು ಉದ್ದವೂ ಇರುವುದಿಲ್ಲ. ಕೈಗ್ಯೂ ಅಂತ ಓದಿದರೆ ಡುಗಾಂಗ್, ಮ್ಯಾನಟಿಗಳ ಗುಂಪು, ನಾವು ಕಡಲ ಹಸು ಅನ್ನುವುದು ಇದನ್ನೇ. ಬರವಣಿಗೆ ಒಂದೇ, ಪ್ರಾಣಿ ಎರಡು. ಒಂದು ಬಂಡೆಯ ಸಂದಿಯಲ್ಲಿ ತೆವಳುತ್ತದೆ, ಇನ್ನೊಂದು ನೂರಾರು ಕಿಲೋ ತೂಗುತ್ತದೆ. ನಿಮ್ಮ ಸಾರಾಂಶದಲ್ಲಿ ಅಲೆ ಇಳಿದ ಬಂಡೆಗಳ ನಡುವೆ ಕಡಲ ಹಸುಗಳು ಸಿಕ್ಕವು ಅಂತ ಆಗಿದ್ದರೆ ಪರಿಶೀಲಕರು ಕೆಂಪು ಗುರುತು ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಚೀನೀ ಅಕ್ಷರ ಬಿಡಿಸಿ ಅರ್ಥ ಮಾಡುವುದು ಹೆಸರಿನ ಹುಟ್ಟು ತಿಳಿಯಲು ಚೆನ್ನ, ಪ್ರಾಣಿಯನ್ನು ಗುರುತಿಸಲು ಅಲ್ಲ. ಜಪಾನಿನವರು ಆಯು ಅನ್ನುವ ಹೊಳೆ ಮೀನಿಗೆ ಬರೆಯುವ ಅಕ್ಷರವೇ ಚೀನಿಯಲ್ಲಿ ಬೆಕ್ಕುಮೀನಿನ ಅಕ್ಷರ.

ಹಾಗಾದರೆ ಸರಿ ದಾರಿ ಯಾವುದು? ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ನಂಬಿದ್ದು ಒಂದೇ ದಾರಿ. ಜಪಾನಿಯಿಂದ ಇಂಗ್ಲಿಷ್‌ಗೆ, ಜಪಾನಿಯಿಂದ ಕನ್ನಡಕ್ಕೆ ನೇರವಾಗಿ ಹಾರಬೇಡಿ. ನಡುವೆ ಲ್ಯಾಟಿನ್ ಹೆಸರಿನ ಮೇಲೆ ಒಂದು ಕಾಲಿಡಿ. ಕಾಮೋಶಿಕಾ ಅಂತ ಇದೆ. ಸಸ್ತನಿಗಳ ಪಟ್ಟಿಯಲ್ಲಿ ಹುಡುಕಿದರೆ ಕ್ಯಾಪ್ರಿಕಾರ್ನಿಸ್ ಕ್ರಿಸ್ಪಸ್ ಅಂತ ಸಿಗುತ್ತದೆ. ಅಲ್ಲಿಂದ ಇಂಗ್ಲಿಷ್‌ಗೆ ಬಂದರೆ ಜಪಾನೀಸ್ ಸೀರೋ. ಆಂಟೆಲೋಪ್ ಅಲ್ಲ, ಆಡು ಕುರಿಗಳ ಕಡೆಯ ಗಿಡ್ಡ ಗಟ್ಟಿಮುಟ್ಟು ಪ್ರಾಣಿ. 1955ರಿಂದ ಅದು ಜಪಾನಿನ ವಿಶೇಷ ನೈಸರ್ಗಿಕ ಸ್ಮಾರಕ. ಅಲ್ಲಿನ ಮಾತಿನಲ್ಲಿ ತೆಳ್ಳನೆ ಚಂದದ ಕಾಲಿಗೆ ಕಾಮೋಶಿಕಾದಂಥ ಕಾಲು ಅನ್ನುತ್ತಾರೆ. ಆ ಮಾತಿನಲ್ಲಿ ಇರುವುದು ಆಂಟೆಲೋಪ್, ಬೆಟ್ಟದಲ್ಲಿ ಇರುವುದು ಸೀರೋ. ಡಿಕ್ಷನರಿ ನಿಮಗೆ ಕೊಟ್ಟದ್ದು ಮಾತಿನ ಅರ್ಥ.

ಈ ದಾರಿಯಲ್ಲೂ ಗುಂಡಿಗಳಿವೆ. ಲ್ಯಾಟಿನ್ ಹೆಸರೂ ಬದಲಾಗುತ್ತದೆ. ಜಪಾನಿನ ತನುಕಿಯನ್ನು ಕೆಲವರು ಏಷ್ಯಾ ಖಂಡದ ರಕೂನ್ ನಾಯಿಯ ಉಪಪ್ರಭೇದ ಅನ್ನುತ್ತಾರೆ, ಕೆಲವರು ಬೇರೆಯದೇ ಪ್ರಭೇದ ಅನ್ನುತ್ತಾರೆ. ಯಾರು ಸರಿ ಅಂತ ತೀರ್ಮಾನಿಸುವುದು ಅನುವಾದಕರ ಕೆಲಸ ಅಲ್ಲ. ಲೇಖಕರು ಕೊಟ್ಟ ಲ್ಯಾಟಿನ್ ಹೆಸರನ್ನು ಹಾಗೇ ಇಡಿ, ಹಳತಾಗಿದೆ ಅನಿಸಿದರೆ ಪಕ್ಕದಲ್ಲಿ ಅನುವಾದಕರ ಟಿಪ್ಪಣಿ ಬರೆಯಿರಿ. ಸದ್ದಿಲ್ಲದೆ ತಿದ್ದಬೇಡಿ.

ಎಲ್ಲಕ್ಕಿಂತ ಕೆಟ್ಟ ಗುಂಡಿ ಎರಡು ಹಾಡುಹಕ್ಕಿಗಳದ್ದು. ಕೊಮಾದೊರಿ ಅನ್ನುವ ಹಕ್ಕಿ ಜಪಾನಿನ ಮುಖ್ಯ ದ್ವೀಪಗಳ ಬೆಟ್ಟಗಳಲ್ಲಿ ಮರಿ ಮಾಡುತ್ತದೆ. ಅಕಾಹಿಗೆ ದಕ್ಷಿಣದ ನಾನ್ಸೆಯಿ ದ್ವೀಪಗಳದ್ದು. 1830ರ ದಶಕದಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಪ್ರಾಣಿಶಾಸ್ತ್ರಜ್ಞ ಟೆಮಿಂಕ್ ಇವುಗಳಿಗೆ ಲ್ಯಾಟಿನ್ ಹೆಸರು ಕೊಡುವಾಗ ಜಪಾನಿ ಹೆಸರುಗಳನ್ನೇ ಬಳಸಿದರು, ಆದರೆ ಎರಡೂ ಅದಲುಬದಲಾದವು. ನಿಯಮದ ಪ್ರಕಾರ ಮೊದಲು ಇಟ್ಟ ಹೆಸರೇ ನಿಲ್ಲುತ್ತದೆ. ಹಾಗಾಗಿ ಇವತ್ತಿಗೂ ಕೊಮಾದೊರಿಯ ಲ್ಯಾಟಿನ್ ಹೆಸರು ಲಾರ್ವಿವೊರಾ ಅಕಾಹಿಗೆ, ಅಕಾಹಿಗೆಯ ಹೆಸರು ಲಾರ್ವಿವೊರಾ ಕೊಮಾದೊರಿ. ಮೂಲದಲ್ಲಿ ಇದನ್ನು ಕಂಡ ಅನುವಾದಕರು ಲೇಖಕರು ತಪ್ಪು ಮಾಡಿದ್ದಾರೆ ಅಂದುಕೊಂಡು ಸರಿ ಮಾಡಿಬಿಡುತ್ತಾರೆ. ನಾನೂ ಶುರುವಿನಲ್ಲಿ ಒಮ್ಮೆ ಹಾಗೆ ಮಾಡಿದೆ. ಅಚ್ಚಿಗೆ ಹೋಗುವ ಹಿಂದಿನ ದಿನ ಲೇಖಕರೇ ಹಿಡಿದರು. ಆಮೇಲೆ ನಾನು ರೂಢಿ ಮಾಡಿಕೊಂಡಿದ್ದು, ಹೆಸರಿನ ಜೊತೆಗೆ ಊರನ್ನೂ ನೋಡುವುದು. ಒಕಿನಾವಾದ ಕಾಡಿನಲ್ಲಿ ಮರಿ ಮಾಡಿತು ಅಂತಿದ್ದರೆ ಅದು ಕೊಮಾದೊರಿ ಆಗಲು ಸಾಧ್ಯವಿಲ್ಲ.

ಊರು ನೋಡುವುದು ಮೀನಿನ ವಿಷಯದಲ್ಲಂತೂ ಬೇಕೇ ಬೇಕು. ಬುರಿ ಅನ್ನುವ ಒಂದೇ ಮೀನಿಗೆ ಬೆಳೆದ ಹಾಗೆ ಹೆಸರು ಬದಲಾಗುತ್ತದೆ. ತೋಕಿಯೊ ಕಡೆ ವಕಾಶಿ, ಇನಾದಾ, ವರಾಸಾ, ಬುರಿ. ಒಸಾಕಾ ಕಡೆ ತ್ಸುಬಾಸು, ಹಮಾಚಿ, ಮೆಜಿರೊ, ಬುರಿ. ಆ ಮೆಜಿರೊ ಅನ್ನುವುದೇ ಬೆಳ್ಗಣ್ಣ ಹಕ್ಕಿಯ ಹೆಸರೂ ಹೌದು. ಮೀನುಗಾರಿಕೆ ಕೋಷ್ಟಕದಲ್ಲಿ ಏಳು ಹೆಸರು ಕಂಡರೆ ಏಳು ಮೀನು ಅಂತ ಅಲ್ಲ. ಒಂದೇ ಪ್ರಭೇದ ಬರೆದು, ಪಕ್ಕದಲ್ಲಿ ಗಾತ್ರದ ಹಂತ ಸೂಚಿಸಿ. ಹಿರೋಶಿಮಾ ಪ್ರಾಂತದ ಉತ್ತರದ ಬೆಟ್ಟಸೀಮೆಯಲ್ಲಿ ವಾನಿ ಮಾಂಸ ತಿನ್ನುತ್ತಾರೆ ಅಂತ ಓದಿದರೆ ಮೊಸಳೆ ಅಂತ ಬರೆಯಬೇಡಿ. ಅಲ್ಲಿನ ಮಾತಿನಲ್ಲಿ ವಾನಿ ಅಂದರೆ ಶಾರ್ಕ್.

ಈಗ ಕನ್ನಡಕ್ಕೆ ಬರೋಣ. ನಿಮ್ಮ ಗುಬ್ಬಚ್ಚಿಗೆ ಯಾಕೆ ಕೆಂಪು ಗುರುತು ಬಿತ್ತು ಅಂತ ನಿಮಗೆ ಬೇಜಾರಾಗಿರಬಹುದು. ನಾವು ಗುಬ್ಬಚ್ಚಿ ಅನ್ನುವುದು ಪ್ಯಾಸರ್ ಡೊಮೆಸ್ಟಿಕಸ್. ಜಪಾನಿನ ಊರುಗಳಲ್ಲಿ ಇರುವ ಸುಝುಮೆ ಪ್ಯಾಸರ್ ಮೊಂಟಾನಸ್, ಕೆನ್ನೆಯ ಮೇಲೆ ಕಪ್ಪು ಚುಕ್ಕೆ ಇರುವ ಬೇರೆ ಗುಬ್ಬಿ. ಕಥೆಯಲ್ಲಿ ಗುಬ್ಬಚ್ಚಿ ಅಂದರೆ ನೂರಕ್ಕೆ ನೂರು ಸರಿ, ನಾನೂ ಅದನ್ನೇ ಬರೆಯುತ್ತೇನೆ. ಸಮೀಕ್ಷೆಯಲ್ಲಿ ಮರಗುಬ್ಬಿ ಅಂತ ಬರೆದು ಲ್ಯಾಟಿನ್ ಹೆಸರು ಸೇರಿಸಿ. ಕರಡಿಯ ವಿಷಯವೂ ಹೀಗೇ. ಕನ್ನಡಿಗರಿಗೆ ಕರಡಿ ಅಂದರೆ ದರೋಜಿಯ ಕರಡಿ ಕಣ್ಣಿಗೆ ಬರುತ್ತದೆ, ಗೆದ್ದಲು ತಿನ್ನುವ ಉದ್ದ ಮೂತಿಯದ್ದು. ಜಪಾನಿನ ತ್ಸುಕಿನೊವಗುಮಾ ಹಿಮಾಲಯದ ಕಪ್ಪು ಕರಡಿಯ ಪ್ರಭೇದ, ಹಿಗುಮಾ ಕಂದು ಕರಡಿ. ಬ್ಯಾಡ್ಜರ್‌ಗೆ ತರಕರಡಿ ಅಂತ ಬರೆಯುವ ಆಸೆ ಬಂದರೂ ತಡೆದುಕೊಳ್ಳಿ. ಆ ಹೆಸರು ನಮ್ಮ ಕಾವೇರಿ ಕಾಡಿನ ಬೇರೆ ಪ್ರಾಣಿಗೆ, ಅಂದರೆ ಹನಿ ಬ್ಯಾಡ್ಜರ್‌ಗೆ ಸೇರಿದ್ದು. ನಮ್ಮ ಪ್ರಾಣಿಯ ಹೆಸರನ್ನು ಸಾಲ ತಂದು ಬೇರೆ ಪ್ರಾಣಿಗೆ ತೊಡಿಸಿದರೆ ಓದುವವರಿಗೆ ಸುಲಭವಾಗಿ ಅರ್ಥವಾಗುತ್ತದೆ, ಆದರೆ ತಪ್ಪಾಗಿ ಅರ್ಥವಾಗುತ್ತದೆ.

ಸಂತೋಷದ ವಿಷಯ ಅಂದರೆ ಕೆಲವು ಕಡೆ ಕನ್ನಡದ ಪದವೇ ಇಂಗ್ಲಿಷಿಗಿಂತ ಚೆನ್ನಾಗಿ ಹೊಂದುತ್ತದೆ. ನಿಹೋನ್ ಮಿತ್ಸುಬಾಚಿ ಅನ್ನುವ ಜಪಾನಿ ಜೇನು ಏಪಿಸ್ ಸೆರಾನಾ, ನಮ್ಮ ಮಲೆನಾಡಿನ ತುಡುವೆಯದೇ ಪ್ರಭೇದ, ಉಪಪ್ರಭೇದ ಮಾತ್ರ ಬೇರೆ. ಜಪಾನಿನ ತುಡುವೆ ಜೇನು ಅಂದರೆ ಶಿರಸಿಯ ಜೇನು ಸಾಕುವವರಿಗೆ ತಟ್ಟನೆ ತಿಳಿಯುತ್ತದೆ. ಆ ಜೇನುಗಳು ದೊಡ್ಡ ಕಡಜವನ್ನು ಉಂಡೆಯಾಗಿ ಮುತ್ತಿ ಮೈಬಿಸಿಯಿಂದ ಕೊಲ್ಲುತ್ತವೆ. ಇರಿಯೊಮೊತೆ ದ್ವೀಪದ ಯಾಮಾನೆಕೊ ಕೂಡ ಹಾಗೇ. ಪದಕ್ಕೆ ಪದ ಇಟ್ಟರೆ ಬೆಟ್ಟದ ಬೆಕ್ಕು. 1967ರಲ್ಲಿ ಹೊಸ ಪ್ರಾಣಿ ಅಂತ ವಿವರಿಸಿದ್ದರು, ಆಮೇಲೆ ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಚಿರತೆ ಬೆಕ್ಕಿನ ಉಪಪ್ರಭೇದ ಅಂತ ಒಪ್ಪಿಕೊಂಡರು. ಕನ್ನಡ ಓದುಗರಿಗೆ ಇರಿಯೊಮೊತೆ ಚಿರತೆ ಬೆಕ್ಕು ಅಂದರೆ ಸಂಬಂಧ ಗೊತ್ತಾಗುತ್ತದೆ.

ಹೆಸರೇ ಇಲ್ಲದ ಪ್ರಾಣಿಗೆ ಏನು ಮಾಡುವುದು ಅಂದಿರಿ. ಜಪಾನಿ ಹೆಸರನ್ನೇ ಇಡುವುದು ಒಂದು. ತನುಕಿ ಅಂತಲೇ ಬರೆದು, ಮೊದಲ ಸಲ ಬಂದಾಗ ನಾಯಿ ಕುಟುಂಬದ ಕಾಡುಪ್ರಾಣಿ ಅಂತ ನಾಲ್ಕು ಪದದ ವಿವರಣೆ. ಇದರಲ್ಲಿ ತಪ್ಪಾಗುವ ಭಯ ಕಡಿಮೆ, ಆದರೆ ಪುಟದ ತುಂಬಾ ಇಂಥ ಹೆಸರುಗಳಿದ್ದರೆ ಓದುವವರು ಸೋತುಹೋಗುತ್ತಾರೆ. ಇಂಗ್ಲಿಷಿನಿಂದ ರಕೂನ್ ನಾಯಿ ಅಂತ ತರುವುದು ಇನ್ನೊಂದು. ಕೇಳಿದವರು ರಕೂನ್ ಅಂದುಕೊಳ್ಳುವ ಅಪಾಯ ಇದ್ದೇ ಇದೆ, ಅದರಲ್ಲೂ ಅದೇ ವರದಿಯಲ್ಲಿ ನಿಜವಾದ ರಕೂನ್ ಬಂದಾಗ. ಹೊಸ ಕನ್ನಡ ಹೆಸರು ಕಟ್ಟುವುದು ಮೂರನೆಯದು. ಮಕ್ಕಳ ಪುಸ್ತಕದಲ್ಲಿ ನನಗೆ ಅದು ತುಂಬಾ ಇಷ್ಟ. ವರದಿಯಲ್ಲಿ ಬೇಡ, ಯಾಕಂದರೆ ನೀವು ಕಟ್ಟಿದ ಹೆಸರನ್ನು ಇಟ್ಟುಕೊಂಡು ಇನ್ನೊಬ್ಬರು ಆ ಪ್ರಾಣಿಯನ್ನು ಹುಡುಕಲಾರರು. ನಿಮ್ಮ ಹತ್ತು ಪುಟಕ್ಕೆ ನಾನಾದರೆ ಮೊದಲ ದಾರಿ ಹಿಡಿಯುತ್ತೇನೆ. ಲ್ಯಾಟಿನ್ ಹೆಸರನ್ನು ನಾನು ಇಲ್ಲಿ ಓದಲು ಅನುಕೂಲ ಅಂತ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ವರದಿಯಲ್ಲಿ ರೋಮನ್ ಲಿಪಿಯಲ್ಲೇ ಇಡಿ. ಇಲ್ಲದಿದ್ದರೆ ಸ್ಪೆಲ್ಲಿಂಗ್ ಕಳೆದುಹೋಗುತ್ತದೆ.

ಯಂತ್ರದ ಅನುವಾದದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದೇ ಕಡತದಲ್ಲಿ ಒಂದೇ ಹೆಸರನ್ನು ಅದು ಮೂರು ಕಡೆ ಮೂರು ಥರ ಬರೆದದ್ದನ್ನು ನಾನು ಕಂಡಿದ್ದೇನೆ. ವಾಕ್ಯ ಚೆನ್ನಾಗಿರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಅನುವಾದ ಶುರು ಮಾಡುವ ಮುಂಚೆ ಎಲ್ಲ ಪ್ರಾಣಿಗಳ ಹೆಸರನ್ನು ಬೇರೆ ಹಾಳೆಗೆ ಎತ್ತಿಕೊಳ್ಳಿ. ಜಪಾನಿ, ಲ್ಯಾಟಿನ್, ಇಂಗ್ಲಿಷ್, ಕನ್ನಡ, ಬಂದ ಪುಟ, ಅನುಮಾನ. ಆ ಕೊನೆಯ ಕಾಲಂ ಖಾಲಿ ಬಿಡಬೇಡಿ.

ನಿಮ್ಮ 14 ಹೆಸರಿನಲ್ಲಿ ಮೊದಲು ತನುಕಿ ಮತ್ತು ಉಮಿಉಶಿ ಸರಿ ಮಾಡಿ, ಅವು ಲೆಕ್ಕವನ್ನೇ ಕೆಡಿಸುತ್ತವೆ. ಉಗುಯಿಸುಗೆ ಜಪಾನೀಸ್ ಬುಷ್ ವಾರ್ಬ್ಲರ್ ಅನ್ನುವ ಹೆಸರು ಇದೆ, ನೈಟಿಂಗೇಲ್ ಕವಿತೆಗೆ ಬಿಡಿ. ನೆಝುಮಿ ಬಂದ ಪ್ರತಿ ಜಾಗದಲ್ಲೂ ಹಿಂದೆ ಮುಂದೆ ಬೇರೆ ಪದ ಅಂಟಿದೆಯೇ ನೋಡಿ. ರುಯಿ ಅಂತ ಅಂಟಿದ್ದರೆ ಅದು ಗುಂಪು, ಝೋಕು ಅಂತಿದ್ದರೆ ಕುಲ, ಕಾ ಅಂತಿದ್ದರೆ ಕುಟುಂಬ. ಇಷ್ಟೆಲ್ಲ ಆದ ಮೇಲೂ ತಿಳಿಯದ್ದು ಎರಡೋ ಮೂರೋ ಉಳಿಯುತ್ತವೆ. ಅವುಗಳನ್ನು ಪಟ್ಟಿ ಮಾಡಿ, ಪುಟದ ಸಂಖ್ಯೆ ಸಮೇತ, ಲ್ಯಾಟಿನ್ ಹೆಸರು ಕೊಡಿ ಅಂತ ಲೇಖಕರಿಗೇ ಬರೆಯಿರಿ. ಜಪಾನಿನ ಸಂಶೋಧಕರು ಇಂಥ ಪ್ರಶ್ನೆಗೆ ಬೇಸರ ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ಎಷ್ಟೋ ಸಲ ಫೋಟೋ ಸಮೇತ ಉತ್ತರ ಬಂದಿದೆ.